ಕುಣಿಕೆ ಹಾಕುವ ಕೈ, ಪ್ರಾಕ್ಸಿಸ್ ಎಂಬ ಮಾತು

ಪ್ರಾಕ್ಸಿಸ್ ಎಂಬ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು? ಪತ್ರಿಕೋದ್ಯಮ ಓದುವಾಗ ನಮ್ಮ ಕೈಗೆ ಸಿಕ್ಕ ಒಂದು ನೋಟ್ಸಿನಲ್ಲಿ ಅದು ‘ಆಚರಣೆ’ ಆಗಿತ್ತು. ನಮ್ಮ ಕಡೆ ಆಚರಣೆ ಅಂದರೆ ವಾರ ಹಿಡಿಯುವುದು, ಬನಶಂಕರಿಗೆ ನಡೆದುಕೊಳ್ಳುವುದು. ಇನ್ನೊಂದರಲ್ಲಿ ‘ಕ್ರಿಯೆ’ ಅಂತಿತ್ತು. ಓದಿದರೆ ಹೈಸ್ಕೂಲಿನ ವ್ಯಾಕರಣದ ತಾಸು ನೆನಪಾಗುತ್ತಿತ್ತು. ‘ಪ್ರಯೋಗ’ ಅಂದರೆ ವಿಜ್ಞಾನದ ಲ್ಯಾಬು, ಇಲ್ಲವೇ ಬನಶಂಕರಿ ಜಾತ್ರೆಯಲ್ಲಿ ಟೆಂಟು ಹಾಕಿದ ನಾಟಕ ಕಂಪನಿಯ ರಾತ್ರಿ ಆಟ. ‘ಅಭ್ಯಾಸ’ ಅಂದರೆ ಪರೀಕ್ಷೆಗೆ ಓದುವುದು. ಒಂದೊಂದು ಪದವೂ ಅರ್ಥದ ಒಂದು ಮೂಲೆ ಹಿಡಿದು ಉಳಿದ ಮೂರನ್ನು ಕೈಬಿಡುತ್ತಿತ್ತು. ಕಡೆಗೆ ಉತ್ತರಪತ್ರಿಕೆಯಲ್ಲಿ ‘ಪ್ರಾಕ್ಸಿಸ್’ ಅಂತಲೇ ಬರೆದು ಬಂದೆವು.

ನಾವು ನಾಲ್ವರು. ಇಬ್ಬರು ಕೆರೂರಿನವರು, ಒಬ್ಬ ಗುಳೇದಗುಡ್ಡದವನು, ಒಬ್ಬಾಕಿ ಹುನಗುಂದದ ಕಡೆಯವಳು. ಡಿಗ್ರಿ ಮುಗಿದ ಮೇಲೂ ಈ ಪದ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಕಾರಣ ಪುಸ್ತಕವಲ್ಲ, ನಮ್ಮಲ್ಲೊಬ್ಬನ ಮನೆಯ ಕುಣಿ ಮಗ್ಗ. ಕೆರೂರಿನ ಆ ಮನೆಯಲ್ಲಿ ಈಗ ಮಗ್ಗ ತೆಗೆದು, ಕುಣಿ ಮುಚ್ಚಿ, ಟೈಲ್ಸ್ ಹಾಕಿಸುವ ಮಾತು ನಡೆದಿದೆ. ಕುಣಿ ಮುಚ್ಚಿದರೆ ಏನು ಹೋಗುತ್ತದೆ ಎಂದು ನಾವು ಕೂತು ಲೆಕ್ಕ ಹಾಕಿದೆವು. ಮಗ್ಗದ ಕಟ್ಟಿಗೆಗೆ ಬೆಲೆ ಕಟ್ಟಬಹುದು, ಜಾಗಕ್ಕೂ ಬೆಲೆ ಕಟ್ಟಬಹುದು. ಆದರೆ ಆ ಮನೆಯ ಅವ್ವನ ಬೆರಳಿನಲ್ಲಿರುವುದಕ್ಕೆ ಯಾವ ಹೆಸರು, ಯಾವ ಬೆಲೆ? ಆ ಲೆಕ್ಕ ಹಾಕುವಾಗ ಹಳೆಯ ಪದ ಮತ್ತೆ ಎದುರು ಬಂದು ನಿಂತಿತು.

ಪದ ಹುಡುಕಲು ಡಿಕ್ಷನರಿ ಬಿಟ್ಟು ಓಣಿಯ ಮಾತಿಗೆ ಕಿವಿ ಕೊಟ್ಟೆವು. ಹೊಸದಾಗಿ ಮಗ್ಗಕ್ಕೆ ಕೂತವರನ್ನು ಕುರಿತು ‘ಇನ್ನೂ ಕೈ ಕುದುರಿಲ್ಲ’ ಅನ್ನುತ್ತಾರೆ. ರೊಟ್ಟಿ ಬಡಿಯುವ ಹುಡುಗಿಗೂ ಅದೇ ಮಾತು. ಇಲ್ಲಿ ಕುದುರಬೇಕಾದ್ದು ಕೈ, ತಲೆಯಲ್ಲ. ಆದರೆ ಕೈ ಕುದುರಿತು ಅಂದರೆ ತಿಳಿವಳಿಕೆ ಬಂತು ಅಂತಲೇ ಅರ್ಥ. ಕುಸ್ತಿಯವರಿಗೆ, ನಾಟಕದವರಿಗೆ ‘ತಾಲೀಮು’ ಎಂಬ ಪದವಿದೆ. ಅರಬ್ಬಿಯಲ್ಲಿ ಅದರ ಮೂಲಕ್ಕೆ ಕಲಿಸುವುದು, ಶಿಕ್ಷಣ ಎಂಬ ಅರ್ಥ. ನಮ್ಮಲ್ಲಿಗೆ ಬಂದು ಅದು ಮೈ ಬಗ್ಗಿಸಿ ಮಾಡುವ ಕಲಿಕೆಯಾಯಿತು, ಪೈಲವಾನರು ಮಣ್ಣು ಹೊಯ್ದ ಮನೆಯ ಹೆಸರೂ ಆಯಿತು. ‘ಹಾಡಿ ಹಾಡಿ ರಾಗ, ಉಗುಳಿ ಉಗುಳಿ ರೋಗ’ ಎಂಬ ಗಾದೆ ಎಲ್ಲರಿಗೂ ಗೊತ್ತು. ರಾಗ ಮೊದಲು ಎಲ್ಲೋ ಸಿದ್ಧವಾಗಿದ್ದು ಆಮೇಲೆ ಬಾಯಿಗೆ ಬರುವುದಿಲ್ಲ, ಹಾಡುವುದರಲ್ಲೇ ಅದು ಹುಟ್ಟುತ್ತದೆ ಎಂಬುದನ್ನು ಗಾದೆ ಎಷ್ಟೋ ಕಾಲದಿಂದ ಹೇಳುತ್ತ ಬಂದಿದೆ.

ಭೌತವಾದಿ ತತ್ವಶಾಸ್ತ್ರ ಇದನ್ನೇ ಒಂದು ವಾದವಾಗಿ ಕಟ್ಟಿತು. 1845ರಲ್ಲಿ ಬ್ರಸೆಲ್ಸ್‌ನಲ್ಲಿದ್ದ ಕಾರ್ಲ್ ಮಾರ್ಕ್ಸ್ ತನ್ನ ನೋಟ್‌ಪುಸ್ತಕದಲ್ಲಿ ಫಾಯರ್‌ಬಾಖ್ ಎಂಬ ತತ್ವಜ್ಞಾನಿಯ ಬಗ್ಗೆ ಹನ್ನೊಂದು ಸಣ್ಣ ಟಿಪ್ಪಣಿ ಬರೆದುಕೊಂಡ. ಅವು ಅಚ್ಚಾಗಲಿ ಎಂದು ಬರೆದವಲ್ಲ. ಆತ ತೀರಿಕೊಂಡ ಐದು ವರ್ಷಕ್ಕೆ, 1888ರಲ್ಲಿ, ಎಂಗೆಲ್ಸ್ ತನ್ನ ಪುಸ್ತಕದ ಹಿಂದೆ ಅವನ್ನು ಸೇರಿಸಿ ಅಚ್ಚು ಹಾಕಿಸಿದ. ಹನ್ನೊಂದನೆಯದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ, ಅದು ಅವನ ಗೋರಿಯ ಮೇಲೂ ಇದೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮೊದಲನೆಯದು. ಅದರ ತಾತ್ಪರ್ಯ ಹೀಗೆ: ಅಲ್ಲಿಯವರೆಗಿನ ಭೌತವಾದಿಗಳು ಜಗತ್ತನ್ನು ಎದುರಿಗಿಟ್ಟು ನೋಡುವ ವಸ್ತುವಾಗಿ ಕಂಡರು, ಅದು ಮನುಷ್ಯರು ಮಾಡುತ್ತಿರುವ ಕೆಲಸವೂ ಹೌದೆಂದು ಕಾಣಲಿಲ್ಲ. ಮಾಡುವ ಬದಿಯನ್ನು ಹಿಡಿದವರು ಭಾವನಾವಾದಿಗಳು, ಆದರೆ ಅವರಿಗೆ ಮಾಡುವುದು ಅಂದರೆ ಮನಸ್ಸಿನೊಳಗೆ ನಡೆಯುವುದು ಮಾತ್ರ. ಇಬ್ಬರ ನಡುವೆ ಬಿಟ್ಟುಹೋದದ್ದು ಕೈ.

ಇದನ್ನು ಒಂದು ಸೀರೆ ಮುಂದಿಟ್ಟುಕೊಂಡು ನೋಡೋಣ. ಕೆರೂರಿನ ಆ ಅವ್ವನ ತವರು ಇಳಕಲ್ಲು. ಮದುವೆಯಾಗಿ ಬರುವಾಗ ಪಾತ್ರೆ ಪಡಗದ ಜೊತೆ ಅವರು ತಂದದ್ದು ತೋಪು ತೆನೆಯ ಕುಣಿಕೆ ಹಾಕುವ ಕೈ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ದಡಿಯ ಹಾಸು ಬೇರೆ. ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ ಇಲ್ಲವೇ ಆರ್ಟ್ ಸಿಲ್ಕ್. ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕುಣಿಕೆಯಿಂದ ಜೋಡಿಸಬೇಕು. ಅಂದರೆ ಉದ್ದಕ್ಕೆ ಒಂದೇ ಹಾಸು ಹಾಕಿ ಹತ್ತಾರು ಸೀರೆ ಕತ್ತರಿಸಿಕೊಳ್ಳುವಂತಿಲ್ಲ, ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಕೂಡಿಸಬೇಕು. ಅಡ್ಡಕ್ಕೆ ಹೋಗುವ ಹೊಕ್ಕಿನಲ್ಲಿ ಕೊಂಡಿ ಪದ್ಧತಿ: ಎರಡು ದಡಿಗೆ ಎರಡು, ಒಡಲಿಗೆ ಒಂದು, ಹೀಗೆ ಮೂರು ಲಾಳಿ. ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ. ಅಂಗಡಿಯಲ್ಲಿ ಮಡಿಕೆ ಬಿಚ್ಚಿ ನೋಡುವವರಿಗೆ ಇದು ಒಂದು ಚೆಂದದ ವಸ್ತು. ನೇಯ್ದವರಿಗೆ ಅದೇ ಸೀರೆ ಒಂದರ ಹಿಂದೆ ಒಂದು ಬಂದ ನೂರಾರು ನಿರ್ಧಾರ: ಇಲ್ಲಿ ಎಳೆ ಬಿಗಿಯಾಯಿತು, ಇಲ್ಲಿ ಸಡಿಲಾಯಿತು, ಮಳೆಗಾಲದ ಥಂಡಿಗೆ ಇಲ್ಲಿ ನೂಲು ಮೆತ್ತಗಾಯಿತು. ಮಾರ್ಕ್ಸ್ ಹೇಳಿದ ಎರಡು ನೋಟಗಳ ನಡುವಿನ ಅಂತರ ಇಷ್ಟೇ ಸರಳ.

ಎರಡನೆಯ ಟಿಪ್ಪಣಿ ಸತ್ಯದ ಬಗ್ಗೆ. ಒಂದು ವಿಚಾರ ನಿಜವೋ ಅಲ್ಲವೋ ಎಂಬುದನ್ನು ವಿಚಾರದೊಳಗೇ ಕೂತು ತೀರ್ಮಾನಿಸಲು ಬರುವುದಿಲ್ಲ, ಮಾಡಿ ತೋರಿಸಬೇಕಾಗುತ್ತದೆ ಎಂಬುದು ಅದರ ಹುರುಳು. 1937ರಲ್ಲಿ ಮಾವೊ ‘ಆನ್ ಪ್ರ್ಯಾಕ್ಟಿಸ್’ ಎಂಬ ಪ್ರಬಂಧದಲ್ಲಿ ಇದೇ ಎಳೆ ಹಿಡಿದು, ಮಾಡುವುದರಿಂದ ತಿಳಿವಳಿಕೆ, ತಿಳಿವಳಿಕೆಯಿಂದ ಮತ್ತೆ ಮಾಡುವುದು ಎಂಬ ಸುತ್ತನ್ನು ವಿವರಿಸಿದ. ನಮ್ಮ ಓಣಿಯಲ್ಲಿ ಇದಕ್ಕೆ ಪುರಾವೆ ಬೇಕಿಲ್ಲ. ‘ಈ ನೂಲಿಗೆ ಇಷ್ಟು ಗಂಜಿ ಸಾಕು’ ಎಂದು ಯಾರಾದರೂ ಹೇಳಿದರೆ ವಾದ ಮಾಡುತ್ತ ಕೂಡುವವರಿಲ್ಲ. ಹಾಸು ಏರಿದ ಮೇಲೆ ಎಳೆ ತಾಳಿದರೆ ಮಾತು ನಿಜ, ಪಟಪಟ ಕಿತ್ತರೆ ಸುಳ್ಳು.

ಇಷ್ಟಾದರೆ ಪ್ರಾಕ್ಸಿಸ್ ಅಂದರೆ ಕೆಲಸಗಾರಿಕೆ ಎಂದು ಬರೆದು ಮುಗಿಸಬಹುದಿತ್ತು. ಆದರೆ ಸೌಂದರ್ಯದ ಪ್ರಶ್ನೆ ಬಂದಾಗ ವಿಷಯ ಆಳಕ್ಕೆ ಇಳಿಯುತ್ತದೆ. ಮಾರ್ಕ್ಸ್ 1844ರಲ್ಲಿ ಬರೆದಿಟ್ಟ ಹಸ್ತಪ್ರತಿಗಳು ಪೂರ್ತಿಯಾಗಿ ಅಚ್ಚಾದದ್ದು 1932ರಲ್ಲಿ. ಅಲ್ಲಿ ಆತ ಹೇಳುವುದು: ನಮ್ಮ ಕಣ್ಣು ಕಿವಿ ಹುಟ್ಟಿನಿಂದ ಸಿದ್ಧವಾಗಿ ಬಂದವಲ್ಲ, ಮನುಷ್ಯಕುಲ ಇಲ್ಲಿಯತನಕ ಮಾಡಿದ ಕೆಲಸವೆಲ್ಲ ಸೇರಿ ಅವನ್ನು ರೂಪಿಸಿದೆ. ಸಂಗೀತಕ್ಕೆ ಪಳಗದ ಕಿವಿಗೆ ಎಷ್ಟು ಒಳ್ಳೆಯ ಸಂಗೀತವಾದರೂ ಸಂಗೀತವಾಗಿ ಕೇಳುವುದಿಲ್ಲ. ಎಂಗೆಲ್ಸ್ 1876ರಲ್ಲಿ ಬರೆದ, 1896ರಲ್ಲಿ ಅಚ್ಚಾದ ಲೇಖನದಲ್ಲಿ ಇದೇ ಮಾತನ್ನು ಕೈಗೆ ಹಚ್ಚಿದ: ಕೈ ದುಡಿಯುತ್ತದೆ ನಿಜ, ಆದರೆ ದುಡಿಮೆಯೇ ಕೈಯನ್ನು ಮಾಡಿತು.

ಆ ಅವ್ವನ ಮುಂದೆ ಎರಡು ಕೆಂಪು ಸೀರೆ ಇಟ್ಟರೆ ಅವರು ಬಣ್ಣ ನೋಡುವುದಕ್ಕಿಂತ ಮೊದಲು ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜುತ್ತಾರೆ. ನಮಗೆ ಎರಡೂ ಒಂದೇ. ಅವರು ಒಂದನ್ನು ಪಕ್ಕಕ್ಕೆ ಸರಿಸಿ, ‘ಇದು ಪವರ್‌ಲೂಮಿಂದು, ಇದರಾಗ ಜೀವ ಇಲ್ಲ’ ಅನ್ನುತ್ತಾರೆ. ಜೀವ ಅಂದರೆ ಏನು ಅಂತ ಕೇಳಿದರೆ, ‘ಹಿಡದು ನೋಡು, ತಾನಾಗೇ ಗೊತ್ತಾಗತೈತಿ’. ಇದನ್ನು ಮಾಯೆ ಮಂತ್ರ ಅಂದುಕೊಳ್ಳಬೇಕಿಲ್ಲ. ಕೈಮಗ್ಗದಲ್ಲಿ ಹೊಕ್ಕಿನ ಬಡಿತ ಮನುಷ್ಯನ ತೋಳಿನದು, ಅದರಲ್ಲಿ ಸೂಕ್ಷ್ಮವಾದ ಏರಿಳಿತ ಇರುತ್ತದೆ. ಎಷ್ಟೋ ವರ್ಷ ಅದೇ ಬಡಿತ ಬಡಿದ ಬೆರಳು ಆ ಏರಿಳಿತವನ್ನು ಓದುತ್ತದೆ. ಅವರ ರುಚಿ ಅವರ ಕೆಲಸದಿಂದ ಬಂದದ್ದು, ಕೆಲಸ ತಪ್ಪಿದರೆ ಆ ರುಚಿಯೂ ಒಂದು ತಲೆಮಾರಿನಲ್ಲಿ ಮುಗಿಯುತ್ತದೆ.

ಸೆರಗಿನ ಚಿತ್ತಾರದ ಹೆಸರು ನೋಡಿ: ಹಣಿಗೆ, ಕೋಟೆ ಕಮ್ಮಲಿ, ತೋಪು ತೆನೆ, ರಂಪ. ತಲೆ ಬಾಚುವ ಹಣಿಗೆಯ ಹಲ್ಲು, ಕೋಟೆಯ ತೆನೆಗೋಡೆ, ಜೋಳದ ತೆನೆ, ಗುಡ್ಡದ ಸಾಲು. ಎಲ್ಲವೂ ಈ ಸೀಮೆಯಲ್ಲಿ ದಿನಾ ಕಣ್ಣಿಗೆ ಬೀಳುವವು. ಆದರೆ ಸೆರಗಿನ ಮೇಲಿನ ತೆನೆ ಹೊಲದ ತೆನೆಯ ಹಾಗೆ ಇಲ್ಲ. ಹಾಸು ಹೊಕ್ಕಿನ ಚೌಕಳಿಯಲ್ಲಿ ಬಾಗಿದ ಗೆರೆ ಮೂಡುವುದು ಕಷ್ಟ, ಅದು ಮೆಟ್ಟಿಲಾಗಿ ಒಡೆಯುತ್ತದೆ. ಜೋಳದ ತೆನೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದು ನೇಕಾರರು ಹಾಗೆ ಕನಸು ಕಂಡಿದ್ದಕ್ಕಲ್ಲ, ನೂಲು ಅಷ್ಟಕ್ಕೇ ಒಪ್ಪಿದ್ದಕ್ಕೆ. ಒಪ್ಪಿದ್ದರಲ್ಲೇ ಅವರು ಚೆಂದ ಕಂಡುಕೊಂಡರು. ಕಲೆಯೆಂದರೆ ಕಂಡದ್ದರ ನಕಲು ಎನ್ನುವವರಿಗೂ, ಕಲೆಯೆಂದರೆ ಒಳಗಿನ ಭಾವದ ಉಕ್ಕು ಎನ್ನುವವರಿಗೂ ಈ ಸೆರಗು ಪೂರ್ತಿ ಒಪ್ಪುವುದಿಲ್ಲ. ವಸ್ತು ಅಡ್ಡ ಬರುತ್ತದೆ, ಕೈ ದಾರಿ ಹುಡುಕುತ್ತದೆ, ರೂಪ ಆ ಜಗ್ಗಾಟದಲ್ಲಿ ಹುಟ್ಟುತ್ತದೆ. ಸೌಂದರ್ಯಶಾಸ್ತ್ರಕ್ಕೆ ಭೌತವಾದ ಕೊಟ್ಟ ದೊಡ್ಡ ಮಾತು ಇದು.

ಇದಕ್ಕೆ ಸಾಕ್ಷಿ ಬೇಕಾದವರು ಕೆರೂರಿನಿಂದ ಬಾದಾಮಿಗೆ ಬಸ್ಸು ಹಿಡಿದರೆ ಸಾಕು. ಮೂರನೆಯ ಗುಹೆಯಲ್ಲಿ ಶಕ 500ರ, ಅಂದರೆ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಬಂಡೆ ಕೊರೆದು ಮಾಡಿದ ಗುಹೆಗೆ ತೊಲೆ ಬೇಕಿಲ್ಲ, ಮೇಲಿನ ಗುಡ್ಡ ತಾನಾಗಿ ನಿಂತಿರುತ್ತದೆ. ಆದರೂ ಚಾವಣಿಯಲ್ಲಿ ತೊಲೆಗಳನ್ನು ಕೆತ್ತಿದ್ದಾರೆ. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆಯಲ್ಲಿ ಚಪ್ಪಡಿಗಳ ಸಂದಿ ಮುಚ್ಚಲು ಕಟ್ಟಿಗೆಯ ದಿಮ್ಮಿಯಂಥ ಉದ್ದನೆಯ ಕಲ್ಲಿನ ಪಟ್ಟಿಗಳಿವೆ. ಕಟ್ಟಿಗೆಯಲ್ಲಿ ಪಳಗಿದ ತಿಳಿವಳಿಕೆ ಕಲ್ಲಿಗೆ ದಾಟುವಾಗ ಹಳೆಯ ರೂಢಿಯನ್ನು ಹೊತ್ತುಕೊಂಡೇ ಬಂತು. ಕಲ್ಲು ಏನನ್ನು ತಾಳುತ್ತದೆ, ಏನನ್ನು ತಾಳುವುದಿಲ್ಲ ಎಂಬುದು ಕಟ್ಟುತ್ತ ಕಟ್ಟುತ್ತ ತಿಳಿಯಿತು. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಒಂದರ ಹಾಗೆ ಇನ್ನೊಂದಿಲ್ಲ. ಪಕ್ಕದ ಪಟ್ಟದಕಲ್ಲಿನಲ್ಲಿ ಉತ್ತರದ ಶಿಖರ, ದಕ್ಷಿಣದ ವಿಮಾನ ಎರಡೂ ಒಂದೇ ಅಂಗಳದಲ್ಲಿ ನಿಂತಿವೆ. 1987ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾರ್ಕ್ಸ್ 1867ರ ‘ಕ್ಯಾಪಿಟಲ್’ನಲ್ಲಿ ಜೇನುಹುಳವನ್ನೂ ವಾಸ್ತುಶಿಲ್ಪಿಯನ್ನೂ ಹೋಲಿಸುತ್ತಾನೆ. ಜೇನಿನ ಗೂಡು ಎಷ್ಟು ನಾಜೂಕಾಗಿದ್ದರೂ, ಎಂಥ ಸಾಧಾರಣ ಶಿಲ್ಪಿಯೂ ಕಟ್ಟುವ ಮೊದಲು ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತಾನೆ ಎಂಬುದು ಅಲ್ಲಿನ ವಾದ. ಅದನ್ನು ಓದಿ ನಮ್ಮಲ್ಲಿ ಒಬ್ಬ ಕೇಳಿದ: ಹಾಗಾದರೆ ತಲೆ ಮೊದಲು, ಕೈ ಆಮೇಲೆ ಎಂದಾಯಿತಲ್ಲ? ಪಟ್ಟದಕಲ್ಲು ಇದಕ್ಕೆ ಉತ್ತರ ಕೊಡುತ್ತದೆ ಎಂದು ನಮಗೆ ಅನ್ನಿಸುತ್ತದೆ. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನಗಳು ಗುಂಡ ಅನಿವಾರಿತಾಚಾರಿ ಎಂಬ ಶಿಲ್ಪಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನು ಹೇಳುತ್ತವೆ, ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನನ್ನೂ ಹೊಗಳುತ್ತವೆ. ಅವರ ಮನಸ್ಸಿನಲ್ಲಿ ಗುಡಿ ಮೊದಲೇ ಇದ್ದಿರಬೇಕು ನಿಜ. ಆದರೆ ಆ ಮನಸ್ಸನ್ನು ತುಂಬಿದ್ದು ಬಾದಾಮಿ ಐಹೊಳೆಗಳಲ್ಲಿ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದ ಕೆತ್ತನೆ. ಮುಂದೆ ಬರುವ ಯೋಜನೆಯೊಳಗೆ ಹಿಂದಿನ ಕೈಗಳ ಕೆಲಸ ಕೂತಿರುತ್ತದೆ.

ಇಲ್ಲಿಯವರೆಗೆ ಓದಿದವರು ‘ಕೈಗೆ ಜೈ’ ಎಂದು ಬಿಡಬಹುದು. ನಾವು ಅಷ್ಟು ಸಲೀಸಾಗಿ ಹೇಳಲಾರೆವು. ನಮ್ಮ ದೇಶದಲ್ಲಿ ಯಾರ ಕೈ ದುಡಿಯಬೇಕು, ಯಾರ ಬಾಯಿ ಹೇಳಬೇಕು ಎಂಬುದು ಹುಟ್ಟಿನಲ್ಲೇ ತೀರ್ಮಾನವಾಗುತ್ತ ಬಂದಿದೆ. ದೇಬಿಪ್ರಸಾದ್ ಚಟ್ಟೋಪಾಧ್ಯಾಯರು 1959ರ ‘ಲೋಕಾಯತ’ದಲ್ಲಿ ಪ್ರಾಚೀನ ಭಾರತದ ಭೌತವಾದವನ್ನು ಹುಡುಕಿಕೊಂಡು ಹೋದರು. ಕೈಕೆಲಸವನ್ನು ಕೀಳು ಎಂದು ತಳ್ಳಿದ ಸಮಾಜದಲ್ಲಿ ವಿಚಾರ ಮಾಡುವವರಿಗೆ ಜಗತ್ತೇ ಮಾಯೆಯಾಗಿ ಕಂಡದ್ದು ಆಕಸ್ಮಿಕವಲ್ಲ ಎಂಬುದು ಅವರ ಚಿಂತನೆಯ ಒಂದು ಮುಖ್ಯ ಎಳೆ. ದೊಡ್ಡಬಳ್ಳಾಪುರದ ನೇಕಾರ ಮನೆತನದಿಂದ ಬಂದ ಡಿ. ಆರ್. ನಾಗರಾಜ್ ಇನ್ನೊಂದು ಮಗ್ಗುಲು ತೋರಿಸಿದರು: ಕಸುಬುದಾರ ಜಾತಿಗಳ ತಂತ್ರಜ್ಞಾನ ಅಳಿಯುವಾಗ ಹೋಗುವುದು ಬರೀ ಉದ್ಯೋಗವಲ್ಲ, ಒಂದು ಸಮುದಾಯದ ನೆನಪು ಮತ್ತು ಮರ್ಯಾದೆ. ಈ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಕಸುಬು ಉಳಿಯಲಿ ಎನ್ನುವ ಭರದಲ್ಲಿ ಅದೇ ಜಾತಿಯವರು ಅದೇ ಕುಣಿಯಲ್ಲಿ ಕೂತಿರಲಿ ಎಂದು ಹೇಳಿದಂತಾಗಬಾರದು.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಹಳೆಯ ಬೇರಿದೆ. ಕೂಡಲ ಸಂಗಮ ಹುನಗುಂದದ ಕಡೆಯದು. ಅಲ್ಲಿ ಓದಿ ಬೆಳೆದ ಬಸವಣ್ಣನ ಸುತ್ತ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಸೇರಿದವರ ಹೆಸರನ್ನೇ ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ನೇಕಾರ ದಾಸಿಮಯ್ಯ ‘ಜೇಡರ’ ಎಂದೇ ಪ್ರಸಿದ್ಧ. ಕಸುಬು ಹೆಸರಿನ ಮುಂದೆ ನಿಂತಿದೆ, ಅದರ ಹಿಂದೆ ಅನುಭಾವ ಬರುತ್ತದೆ. ಆಯ್ದಕ್ಕಿ ಮಾರಯ್ಯ ಅಂದು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಕಾಯಕವೆಂದರೆ ಬರೀ ದುಡಿಮೆಯಲ್ಲ; ಯಾಕೆ ದುಡಿಯುತ್ತೇನೆ, ಎಷ್ಟಕ್ಕೆ, ಯಾರಿಗಾಗಿ ಎಂದು ದುಡಿಯುತ್ತಲೇ ಕೇಳಿಕೊಳ್ಳುವುದು. ಪ್ರಾಕ್ಸಿಸ್‌ಗೆ ಕನ್ನಡದಲ್ಲಿ ಹತ್ತಿರದ ಪದ ಕಾಯಕವೇ ಎಂದು ನಮ್ಮಲ್ಲಿ ಇಬ್ಬರ ವಾದ. ಇನ್ನಿಬ್ಬರು ಒಪ್ಪುವುದಿಲ್ಲ. ಕಾಯಕದ ಜೊತೆ ಕೈಲಾಸ ಸೇರಿಸಿದ ಬೋರ್ಡು ಈಗ ಎಲ್ಲ ಕಚೇರಿಯಲ್ಲೂ ತೂಗುತ್ತದೆ. ಸುಮ್ಮನೆ ದುಡಿ, ಕೇಳಬೇಡ ಎಂಬ ಅರ್ಥಕ್ಕೆ ಆ ಪದವನ್ನು ಇಳಿಸಿಬಿಟ್ಟಿದ್ದಾರೆ ಎಂಬುದು ಅವರ ತಕರಾರು. ಪದವೂ ಒಂದು ಹತಾರ, ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಕೆಲಸ.

ಕೇಳದೆ ದುಡಿಯುವುದು ಹೇಗಿರುತ್ತದೆ ಎಂಬುದು ನೇಕಾರರ ಮನೆಯಲ್ಲಿ ಕಣ್ಣಿಗೆ ಕಾಣುತ್ತದೆ. ಬಹಳಷ್ಟು ಮನೆಗಳಲ್ಲಿ ನೂಲು ಮಾಲಕರದು, ಸೀರೆಯೂ ಮಾಲಕರದು, ಮನೆಯವರಿಗೆ ಮಜೂರಿ ಮಾತ್ರ. ಯಾವ ಬಣ್ಣ, ಯಾವ ದಡಿ ಎಂದು ತೀರ್ಮಾನಿಸುವವರು ಬೇರೆ. ಗೋಮಿ ಬೇಕೋ, ಚಿಕ್ಕಿ ಬೇಕೋ, ಗಾಡಿ ದಡಿ ಬೇಕೋ ಎಂದು ಪೇಟೆ ಹೇಳುತ್ತದೆ. ಕಂಡಿಕೆ ಸುತ್ತುವ, ಕುಣಿಕೆ ಹಾಕುವ ಹೆಂಗಸರ ಕೆಲಸ ಬಹಳ ಸಲ ಲೆಕ್ಕಕ್ಕೇ ಬರುವುದಿಲ್ಲ, ಮನೆಗೆಲಸದಲ್ಲಿ ಕರಗಿಹೋಗುತ್ತದೆ. 1844ರ ಅದೇ ಹಸ್ತಪ್ರತಿಗಳಲ್ಲಿ ಮಾರ್ಕ್ಸ್ ಹೇಳಿದ ಪರಕೀಯತೆ ಇದೇ: ಮಾಡಿದ ವಸ್ತು ಮಾಡಿದವರಿಗೆ ಪರಕೀಯ, ಮಾಡುವ ಕೆಲಸವೂ ಪರಕೀಯ. ಹಾಗಾಗಿ ಮಗ್ಗದ ಮುಂದೆ ಕೂತದ್ದೆಲ್ಲ ಪ್ರಾಕ್ಸಿಸ್ ಅಲ್ಲ. ಕೈಯ ಕೌಶಲ್ಯವೂ, ಅದರ ಮೇಲೆ ಮಾಡುವವರ ಅಧಿಕಾರವೂ, ಯಾಕೆ ಮಾಡುತ್ತೇವೆ ಎಂಬ ಅರಿವೂ ಒಂದು ಕಡೆ ಸೇರಿದಾಗ ಆ ಪದಕ್ಕೆ ಅರ್ಥ ಬರುತ್ತದೆ.

ಕುಣಿ ಮುಚ್ಚುವ ಮಾತಿಗೆ ನಮ್ಮ ಬಳಿ ಸುಲಭದ ಉತ್ತರ ಇಲ್ಲದಿರುವುದು ಇದಕ್ಕೇ. ಆ ಮನೆಯ ಅವ್ವನೇ ಮುಚ್ಚಿಸಬೇಕು ಅನ್ನುವವರಲ್ಲಿ ಮೊದಲಿಗರು. ‘ನಮ್ಮ ಕಾಲು ಕುಣ್ಯಾಗ ಇಳದಿದ್ದು ಸಾಕು. ನಿನಗ ಓದಿಸಿದ್ದು ಇದರಾಗ ಕುಂಡ್ರಲಿ ಅಂತಲ್ಲೋ ಮಗನ’ ಅನ್ನುತ್ತಾರೆ. ಅವರ ಮಂಡಿನೋವು, ಕಣ್ಣಿಗೆ ಬಂದ ಮಂಜು ನಮಗೂ ಕಾಣುತ್ತದೆ. ಪರಂಪರೆ ಉಳಿಸಿ ಎಂದು ಅವರಿಗೆ ಹೇಳುವ ಹಕ್ಕು ನಮಗಿಲ್ಲ. ಆದರೆ ಅವರೇ ಇನ್ನೊಂದು ದಿನ, ‘ನಾ ಹೋದಮ್ಯಾಲ ಈ ಓಣ್ಯಾಗ ತೋಪ ತೆನಿ ಕುಣಿಕಿ ಹಾಕಾವ್ರು ಯಾರ ಅದಾರ?’ ಎಂದೂ ಕೇಳಿದರು. ಎರಡೂ ಮಾತು ನಿಜ. ಎರಡನ್ನೂ ಹೇಳಿದವರು ಒಬ್ಬರೇ.

ಹಾಗಾದರೆ ಓದಿದವರ ಕೆಲಸ ಏನು? ಇಟಲಿಯ ಗ್ರಾಂಶಿ ಫ್ಯಾಸಿಸ್ಟರ ಸೆರೆಮನೆಯಲ್ಲಿ ಬರೆದ ನೋಟ್‌ಪುಸ್ತಕಗಳಲ್ಲಿ ಮಾರ್ಕ್ಸ್‌ವಾದವನ್ನು ಪ್ರಾಕ್ಸಿಸ್‌ನ ತತ್ವಶಾಸ್ತ್ರ ಎಂದೇ ಕರೆದ. ಎಲ್ಲ ಮನುಷ್ಯರೂ ಒಂದಲ್ಲ ಒಂದು ರೀತಿ ತತ್ವಜ್ಞಾನಿಗಳೇ, ಓದಿದವರು ಮೇಲಿನಿಂದ ಜ್ಞಾನ ಸುರಿಯುವವರಲ್ಲ, ಜನರ ತಿಳಿವಳಿಕೆಯೊಳಗೆ ಇದ್ದು ಅದನ್ನು ತೊಡಕು ಬಿಡಿಸಿಕೊಳ್ಳಲು ನೆರವಾಗುವವರು ಎಂಬ ದಾರಿ ಅವನದು. ಕನ್ನಡದಲ್ಲಿ ಇದಕ್ಕೆ ಕಣ್ಣೆದುರಿನ ಉದಾಹರಣೆ ರಂಗಕರ್ಮಿ ಪ್ರಸನ್ನ. 1975ರಲ್ಲಿ ಹುಟ್ಟಿದ ಸಮುದಾಯ ತಂಡದ ಸಂಸ್ಥಾಪಕರಲ್ಲಿ ಒಬ್ಬರಾದ ಅವರು, ಮುಂದೆ ಹೆಗ್ಗೋಡಿನಲ್ಲಿ ಹಳ್ಳಿಯ ಹೆಂಗಸರ ‘ಚರಕ’ ಸಹಕಾರಿ ಸಂಘ ಕಟ್ಟುವುದರಲ್ಲಿ ತೊಡಗಿದರು. ನೈಸರ್ಗಿಕ ಬಣ್ಣ, ಕೈಮಗ್ಗದ ಬಟ್ಟೆ, ನಡೆಸುವವರು ದುಡಿಯುವವರೇ. ನಾಟಕ ಬಿಟ್ಟು ನೇಯ್ಗೆಗೆ ಹೋದರು ಎಂದು ಕೆಲವರು ಹೇಳುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ರಂಗದ ಮೇಲೆ ಕೇಳಿದ ಪ್ರಶ್ನೆಯನ್ನೇ ಅವರು ಮಗ್ಗದ ಮುಂದೆ ಕೇಳಿದರು. 2015ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ನಡೆದ ಸತ್ಯಾಗ್ರಹದಲ್ಲೂ ಕೈಯಿಂದ ಮಾಡುವ ಬದುಕು ತಾಳಿಕೆಯದೇ ಎಂಬ ಪ್ರಶ್ನೆ ನಡುವೆ ಇತ್ತು.

ನಮ್ಮದು ವರದಿಗಾರಿಕೆ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆ ದಿನ ಬಂದರೆ ಎಲ್ಲ ಪತ್ರಿಕೆಗಳಿಗೂ ಮಗ್ಗದ ಮುಂದೆ ನಗುವ ಅಜ್ಜಿಯ ಫೋಟೊ ಬೇಕು, ‘ಅಳಿವಿನಂಚಿನಲ್ಲಿ’ ಎಂಬ ತಲೆಬರಹ ಬೇಕು. ಇದು ಮಾರ್ಕ್ಸ್ ತಕರಾರು ತೆಗೆದ ನೋಟವೇ: ಎದುರಿಗಿಟ್ಟು ನೋಡುವುದು, ಮರುಕಪಡುವುದು, ಮುಂದೆ ಹೋಗುವುದು. ಇದನ್ನು ಬಿಟ್ಟು ಬೇರೆ ಹೇಗೆ ಬರೆಯಬಹುದು ಎಂದು ನೋಡಲು, ಕುಣಿ ಮುಚ್ಚುವುದರೊಳಗೆ ತೋಪು ತೆನೆಯ ಕುಣಿಕೆಯನ್ನು ಹಂತ ಹಂತವಾಗಿ ಬರೆದಿಡಲು ಹೊರಟೆವು.

ಕಟ್ಟೆಯ ಮೇಲೆ ಕೂತು ಕೇಳಿದಾಗ ಅವ್ವನಿಗೆ ಹೇಳಲು ಆಗಲಿಲ್ಲ. ‘ಎಳಿ ತಗೊಂಡು ಕುಣಿಕಿ ಹಾಕೂದು, ಮತ್ತೇನ್ ಐತಿ ಅದರಾಗ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮಗ್ಗದ ಮುಂದೆ ಕೂಡಿಸಿ ಕೇಳಿದಾಗ ಕೈ ಓಡತೊಡಗಿತು, ಕೈಯ ಹಿಂದೆ ಮಾತೂ ಬಂತು. ಎಡಗೈಯ ಯಾವ ಬೆರಳು ಎಳೆಯನ್ನು ತಡೆದು ಹಿಡಿಯುತ್ತದೆ, ಬಲಗೈ ಎಲ್ಲಿಂದ ಸುತ್ತಿ ಬರುತ್ತದೆ, ಎಷ್ಟು ಬಿಗಿ ಸಾಕು ಎಂಬುದು ಅವರಿಗೆ ಬೆರಳು ಓಡುವಾಗ ಮಾತ್ರ ಬಾಯಿಗೆ ಬರುತ್ತದೆ. ನಡುವೆ ನಿಲ್ಲಿಸಿದರೆ ಮಾತೂ ನಿಲ್ಲುತ್ತದೆ. ‘ನಿಂದರಿಸಬ್ಯಾಡ್ರಿ, ಕೈ ಮರೀತೈತಿ’ ಎಂದು ಬೈದರು. ಸಂದರ್ಶನ ಮಾಡುವುದನ್ನು ನಾವು ಎರಡು ವರ್ಷ ಕಲಿತಿದ್ದೇವೆ. ಕಸುಬಿನವರನ್ನು ಕಸುಬಿನ ಜಾಗದಲ್ಲೇ, ಕೈ ಓಡುತ್ತಿರುವಾಗಲೇ ಕೇಳಬೇಕು ಎಂಬ ಪಾಠ ನಮಗೆ ಸಿಕ್ಕಿದ್ದು ಅಲ್ಲಿ.

ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆವು. ಪೂರ್ತಿ ಕೇಳಿ, ‘ಛಲೋ ಬರದೀರಿ. ಆದ್ರ ಇದನ್ನ ಓದಿದವ್ರಿಗೆ ಕುಣಿಕಿ ಹಾಕಾಕ ಬರತೈತೇನು?’ ಎಂದರು. ಸಾಹಿತ್ಯ ವಿಮರ್ಶೆಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿದ್ದನ್ನು ನಾವು ಕಂಡಿಲ್ಲ. ಪಕ್ಕದ ಮನೆಯ ಹುಡುಗಿ, ಪಿಯುಸಿ ಓದುವಾಕಿ, ನಮ್ಮ ಹಾಳೆ ಮುಂದಿಟ್ಟುಕೊಂಡು ಕೂತಳು. ಮೂರು ಹಂತದವರೆಗೆ ಓದುತ್ತ ಮಾಡಿದಳು. ನಾಲ್ಕನೆಯದಕ್ಕೆ ಬೆರಳು ಎಲ್ಲಿಡಬೇಕು ತಿಳಿಯದೆ ಅವ್ವನ ಮುಖ ನೋಡಿದಳು. ಅವ್ವ ಬಾಯಿಂದ ಏನೂ ಹೇಳದೆ ಆಕೆಯ ಬೆರಳನ್ನು ಹಿಡಿದು ಸರಿಸಿದರು. ಎಳೆ ಕುಣಿಕೆಯಲ್ಲಿ ಕೂತಿತು. ಆ ಸರಿಸುವಿಕೆಯನ್ನು ಯಾವ ಮಾತಿನಲ್ಲಿ ಬರೆಯಬೇಕು ಎಂದು ನಾಲ್ವರೂ ಕೂತು ಮೂರು ಸಲ ತಿದ್ದಿದೆವು. ಈಗ ಆ ಹಂತದಲ್ಲಿ ಒಂದು ಚಿತ್ರ ಇದೆ, ಚಿತ್ರದ ಕೆಳಗೆ ‘ಇಲ್ಲಿ ಗೊತ್ತಿದ್ದವರ ಹತ್ತಿರ ಹಿಡಿಸಿಕೊಳ್ಳಿ’ ಎಂಬ ಸಾಲು ಇದೆ.

ಹುಡುಗಿ ಈಗ ರವಿವಾರಕ್ಕೊಮ್ಮೆ ಬರುತ್ತಾಳೆ. ಆಕೆ ನೇಕಾರಳಾಗಬೇಕು ಎಂದು ಯಾರೂ ಹೇಳಿಲ್ಲ, ಆಕೆಯೂ ಹಾಗೆ ಅಂದಿಲ್ಲ. ಕಲಿಸುವುದಕ್ಕೆ ಕೂಲಿ ಎಷ್ಟು, ಯಾರು ಕೊಡಬೇಕು ಎಂಬ ಮಾತನ್ನು ಅವ್ವನೇ ಎತ್ತಿದರು: ‘ಪುಕ್ಕಟೆ ಕಲಿಸೂದು ಮುಗೀತು.’ ನಾವು ನಾಲ್ವರು ಸದ್ಯಕ್ಕೆ ಸೇರಿಸಿ ಕೊಡುತ್ತಿದ್ದೇವೆ. ಕುಣಿಕೆ ಹಾಕುವ ಹೆಂಗಸರ ತಾಸುಗಳನ್ನೂ ಒಂದು ವಹಿಯಲ್ಲಿ ಬರೆಯತೊಡಗಿದ್ದೇವೆ. ಮುಂದಿನ ಮಜೂರಿ ಮಾತುಕತೆಗೆ ಹೋಗುವಾಗ ಆ ವಹಿ ಕೈಯಲ್ಲಿರಲಿ ಎಂದು ಓಣಿಯ ಇಬ್ಬರು ಹಿರಿಯರು ಕೇಳಿದ್ದಾರೆ. ಟೈಲ್ಸಿನವನು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಹುಡುಗಿಯ ಪರೀಕ್ಷೆ ಮುಗಿಯುವತನಕ ತಡೆಯಲು ಅವ್ವ ಅವನಿಗೆ ಹೇಳಿ ಕಳಿಸಿದ್ದಾರೆ.